ಗೀಸರ್ ನೀರು ಬೇಗ ಕಾಯುತ್ತಿಲ್ವಾ? ಕಾಯಿಲ್ ಬದಲಾಯಿಸುವ ಮೊದಲು ವೋಲ್ಟ್, ಆಂಪ್ ಅಳೆಯಿರಿ

ಹೋದ ಡಿಸೆಂಬರ್‌ನಲ್ಲಿ ಚಿಕ್ಕಮ್ಮನ ಫೋನ್ ಬಂತು. ಅವರ ಮನೆ ಇರುವುದು ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟದ ನಡುವೆ. "ಎಂತ ಮಾರಾಯ, ಗೀಸರ್ ಹಾಕಿ ಅರ್ಧ ಗಂಟೆ ಕಾದ್ರೂ ನೀರು ಸರಿಯಾಗಿ ಬಿಸಿ ಆಗಲ್ಲ. ಹೋದ ವರ್ಷ ತಾನೇ ಕಾಯಿಲ್ ಬದಲಾಯ್ಸಿದ್ದು. ಈಗ ಮತ್ತೆ ಕಾಯಿಲ್ ಹೋಗಿದೆ ಅಂತಾರೆ. ಹಂಡೆಗೇ ಬೆಂಕಿ ಹಾಕುದು ವಾಸಿ ಅನ್ನಿಸ್ತಿದೆ" ಅಂದರು.

ಆ ಮಾತಿನಲ್ಲೇ ನನಗೆ ಅನುಮಾನ ಬಂತು. ಕಾಯಿಲ್ ಅಂದರೆ ನೀರು ಕಾಯಿಸುವ ಉದ್ದದ ನೈಕ್ರೋಮ್ (ನಿಕಲ್, ಕ್ರೋಮಿಯಂ ಬೆರೆಸಿದ ಲೋಹ) ತಂತಿ, ಅಷ್ಟೇ. ಅದು ಬಹುಮಟ್ಟಿಗೆ ಇದ್ದರೆ ಪೂರ್ತಿ ಇರುತ್ತದೆ, ತುಂಡಾದರೆ ನೀರು ಒಂಚೂರೂ ಬಿಸಿಯಾಗುವುದಿಲ್ಲ. ವಯಸ್ಸಾಗಿ ನಿಧಾನವಾಗುವ ವಸ್ತು ಅಲ್ಲ ಅದು. ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಕಾಯಿಲ್ ಮೇಲೆ ಬಿಳಿ ಗಾರೆಯಂತೆ ಉಪ್ಪು ಕಟ್ಟುತ್ತದೆ, ಅದರಿಂದ ಕಾಯಿಲ್ ಒಳಗೊಳಗೇ ಜಾಸ್ತಿ ಕಾದು ಬೇಗ ಸುಟ್ಟುಹೋಗುತ್ತದೆ, ನಿಜ. ಆದರೆ ಸುಡುವ ತನಕ ಅದು ಎಳೆದ ಕರೆಂಟ್‌ನ ಬಿಸಿ ಹೋಗುವುದು ನೀರಿಗೇ, ಬೇರೆಲ್ಲಿಗೂ ದಾರಿಯಿಲ್ಲ. ಹಾಗಾಗಿ "ನಿಧಾನ" ಎಂಬ ದೂರು ಬಂದಾಗ ಕಾಯಿಲ್ ಮೇಲೆ ಕಣ್ಣು ಹಾಕುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅದಕ್ಕೆ ಎಷ್ಟು ವೋಲ್ಟ್ ಸಿಗುತ್ತಿದೆ? ಎಷ್ಟು ಆಂಪ್ ಎಳೆಯುತ್ತಿದೆ? ಈ ಎರಡು ಅಂಕಿ ಸಿಕ್ಕರೆ ಉಳಿದದ್ದನ್ನೆಲ್ಲ ಲೆಕ್ಕವೇ ಹೇಳುತ್ತದೆ.

ಬೇಕಾದ ಲೆಕ್ಕ ಇಷ್ಟೇ

ವೋಲ್ಟ್ ÷ ಆಂಪ್ = ಓಮ್. ಇದು ರೋಧ, ಅಂದರೆ ಕರೆಂಟ್ ಹರಿಯಲು ತಂತಿ ಒಡ್ಡುವ ತಡೆ.
ವೋಲ್ಟ್ × ಆಂಪ್ = ವ್ಯಾಟ್. ಇದು ಪವರ್.
ಇವೆರಡನ್ನು ಸೇರಿಸಿದರೆ ಇನ್ನೂ ಎರಡು ಸಿಗುತ್ತವೆ: ವೋಲ್ಟ್ × ವೋಲ್ಟ್ ÷ ಓಮ್ = ವ್ಯಾಟ್, ಮತ್ತು ಆಂಪ್ × ಆಂಪ್ × ಓಮ್ = ವ್ಯಾಟ್.

ಮೊದಲನೆಯದು ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ್ದು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತುಬಿಡುತ್ತೇವೆ, ಆದರೆ ಮನೆಯ ವೈರಿಂಗ್‌ಗೆ ಇದರಷ್ಟು ಕೆಲಸಕ್ಕೆ ಬರುವ ಸೂತ್ರ ಇನ್ನೊಂದಿಲ್ಲ.

ಚಿಕ್ಕಮ್ಮನ ಗೀಸರ್ 15 ಲೀಟರಿನದು. ಮೇಲಿನ ಚೀಟಿಯಲ್ಲಿ 2000 ವ್ಯಾಟ್, 230 ವೋಲ್ಟ್ ಅಂತ ಇದೆ. ಇಷ್ಟರಿಂದಲೇ, ಮೀಟರ್ ಮುಟ್ಟದೆ, ಸರಿಯಾದ ಗೀಸರ್ ಹೇಗಿರಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಬಹುದು. 2000 ÷ 230 = 8.7 ಆಂಪ್. 230 ÷ 8.7 = ಸುಮಾರು 26.4 ಓಮ್. ನೀವು ಯಾವ ಹೀಟರ್ ಪರೀಕ್ಷೆ ಮಾಡಿದರೂ ಮೊದಲು ಈ ಎರಡು ಅಂಕಿ ಕಾಗದದಲ್ಲಿ ಬರೆಯಿರಿ. ಎಷ್ಟು ಬರಬೇಕು ಅಂತ ಗೊತ್ತಿಲ್ಲದೆ ಅಳೆದರೆ ಮೀಟರ್ ತೋರಿಸಿದ್ದೆಲ್ಲ ಸರಿ ಅನ್ನಿಸುತ್ತದೆ.

ಇಲ್ಲಿ ಜಾಸ್ತಿ ಜನ ಎಡವುವ ಒಂದು ಜಾಗ ಇದೆ. ವೋಲ್ಟೇಜ್ ಕಡಿಮೆಯಾದರೆ ಗೀಸರ್ ಅದನ್ನು ಸರಿದೂಗಿಸಲು ಆಂಪ್ ಜಾಸ್ತಿ ಎಳೆಯುತ್ತದೆ, 2000 ವ್ಯಾಟ್ ಅಂತೂ ಬಂದೇ ಬರುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಚೀಟಿಯ 2000 ವ್ಯಾಟ್ ಬರುವುದು 230 ವೋಲ್ಟ್ ಸಿಕ್ಕಾಗ ಮಾತ್ರ. ಕಾಯಿಲ್‌ನ ರೋಧ ಹೆಚ್ಚುಕಮ್ಮಿ ಬದಲಾಗುವುದಿಲ್ಲ, ಆದ್ದರಿಂದ ವೋಲ್ಟ್ ಇಳಿದರೆ ಆಂಪೂ ಇಳಿಯುತ್ತದೆ, ಎರಡೂ ಇಳಿದರೆ ಪವರ್ ದುಪ್ಪಟ್ಟು ವೇಗದಲ್ಲಿ ಕುಸಿಯುತ್ತದೆ. ವೋಲ್ಟೇಜ್ ಹತ್ತು ಪರ್ಸೆಂಟ್ ಕಡಿಮೆಯಾದರೆ ಬಿಸಿ ಹತ್ತೊಂಬತ್ತು ಪರ್ಸೆಂಟ್ ಕಡಿಮೆ. 180 ವೋಲ್ಟ್‌ಗೆ ಇಳಿದರೆ ಅದೇ ಗೀಸರ್ ಸುಮಾರು 1225 ವ್ಯಾಟ್ ಮಾತ್ರ ಕೊಡುತ್ತದೆ. ಮೋಟರಿನ ಕತೆ ಬೇರೆ. ತೋಟದ ಪಂಪ್ ಲೋಡ್ ಹೊತ್ತುಕೊಂಡು ತಿರುಗಲೇಬೇಕು, ಹಾಗಾಗಿ ವೋಲ್ಟೇಜ್ ಇಳಿದಾಗ ಜಾಸ್ತಿ ಆಂಪ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಮೋಟರಿಗೆ ವೋಲ್ಟ್ × ಆಂಪ್ ಅಂತ ಗುಣಿಸಿದರೂ ನಿಜವಾದ ವ್ಯಾಟ್ ಸಿಗುವುದಿಲ್ಲ, ಪವರ್ ಫ್ಯಾಕ್ಟರ್ (ವೋಲ್ಟ್, ಆಂಪ್ ಎರಡೂ ಒಂದೇ ತಾಳಕ್ಕೆ ಏರಿಳಿಯದಿರುವುದು) ಅಡ್ಡ ಬರುತ್ತದೆ. ಈ ಬರಹದ ಲೆಕ್ಕ ಗೀಸರ್, ಇಸ್ತ್ರಿ ಪೆಟ್ಟಿಗೆ, ಇಮ್ಮರ್ಶನ್ ರಾಡ್, ಕೆಟಲ್ ಇಂಥವಕ್ಕೆ ಮಾತ್ರ.

ಕೈ ಹಾಕುವ ಮೊದಲು

ಒದ್ದೆ ಮೈಯ ರೋಧ ಸಾವಿರ ಓಮ್ ಆಸುಪಾಸಿಗೆ ಇಳಿಯಬಹುದು. 230 ÷ 1000 = 0.23 ಆಂಪ್. ಮನೆಯ ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಸಾಮಾನ್ಯವಾಗಿ 0.03 ಆಂಪ್ ಸೋರಿದರೆ ಬೀಳುವಂತೆ ಇರುತ್ತದೆ, ಅಂದರೆ ಅದರ ಏಳು ಪಟ್ಟಿಗಿಂತ ಜಾಸ್ತಿ ಕರೆಂಟ್ ನಿಮ್ಮ ಮೈಯಲ್ಲಿ ಹರಿಯಬಹುದು. ಆದ್ದರಿಂದ ಬಚ್ಚಲು ಒಣಗಿರಬೇಕು, ಕಾಲಲ್ಲಿ ರಬ್ಬರ್ ಚಪ್ಪಲಿ ಇರಬೇಕು. ಬೋರ್ಡ್ ಬಿಚ್ಚುವುದು, ಮೀಟರಿನ ಕ್ಲಿಪ್ ಸಿಕ್ಕಿಸುವುದು ಎಲ್ಲ ಮೇನ್ ಆಫ್ ಮಾಡಿಯೇ. ಸಿಕ್ಕಿಸಿ, ದೂರ ನಿಂತು, ಆಮೇಲೆ ಆನ್ ಮಾಡಿ ಅಂಕಿ ಓದಿ. ಲೈವ್ ತಂತಿಯಲ್ಲಿ ಕೆಲಸ ಮಾಡಿ ಅಭ್ಯಾಸ ಇಲ್ಲದಿದ್ದರೆ ಅಳತೆಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ನೀವು ಲೆಕ್ಕ ಮಾಡಿ. ಕೆಳಗೆ ಬೋರ್ಡ್ ಬಿಚ್ಚದೆಯೇ ಅಳೆಯುವ ಒಂದು ದಾರಿಯನ್ನೂ ಬರೆದಿದ್ದೇನೆ.

ವೋಲ್ಟ್, ಆಂಪ್, ಓಮ್ ಮೂರನ್ನೂ ಅಳೆಯುವ ಮಲ್ಟಿಮೀಟರಿನ ಕೆಂಪು ವೈರ್ ಯಾವ ತೂತಿನಲ್ಲಿದೆ ಅಂತ ಪ್ರತಿ ಸಲ ನೋಡಿ. 10 ಆಂಪ್ ಅಂತ ಬರೆದ ತೂತಿನಲ್ಲಿ ಇಟ್ಟುಕೊಂಡು ವೋಲ್ಟೇಜ್ ನೋಡಲು ಹೋದರೆ ಅದು ನೇರ ಶಾರ್ಟ್. ಮೀಟರ್ ಕೈಯಲ್ಲೇ ಸಿಡಿಯುತ್ತದೆ.

ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಿದ್ದು

ಪ್ಲಗ್ ಕಿತ್ತು, ಗೀಸರ್‌ನ ಸ್ವಿಚ್ ಆನ್ ಇಟ್ಟು, ಥರ್ಮೋಸ್ಟಾಟ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಪ್ಲಗ್‌ನ ಎರಡು ಸಣ್ಣ ಪಿನ್ ನಡುವೆ ಓಮ್ ನೋಡಿದೆ. 26.8. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೆ 0.3 ತೋರಿಸುತ್ತಿತ್ತು, ಅದನ್ನು ಕಳೆದರೆ 26.5 ಓಮ್. ಕಾಗದದಲ್ಲಿ ಬರೆದದ್ದು 26.4. ಕಾಯಿಲ್ ಕಲ್ಲುಗುಂಡಿನ ಹಾಗೆ ಇತ್ತು. ಹೋದ ವರ್ಷ ಕಿತ್ತೆಸೆದ ಹಳೇ ಕಾಯಿಲೂ ಬಹುಶಃ ಹೀಗೇ ಚೆನ್ನಾಗಿತ್ತು ಅಂತ ನೆನೆಸಿದರೆ ಬೇಜಾರಾಗುತ್ತದೆ.

(ಇಲ್ಲಿ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ, ಇಲ್ಲವೇ ಗೀಸರ್ ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಥರ್ಮಲ್ ಕಟೌಟ್ ಬಿದ್ದಿದೆ. ಹಾಗಾದಾಗ ನೀರು ತಣ್ಣಗೇ ಇರುತ್ತದೆ. ಬಲ್ಬಿಗೆ ಮಾತ್ರ ಈ ಪರೀಕ್ಷೆ ನಂಬಬೇಡಿ. ಹಳೇ ಕಾಲದ 100 ವ್ಯಾಟ್ ತಂತಿ ಬಲ್ಬ್ ಉರಿಯುವಾಗ ಲೆಕ್ಕದ ಪ್ರಕಾರ 529 ಓಮ್, ತಣ್ಣಗಿರುವಾಗ ಅದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಟಂಗ್‌ಸ್ಟನ್ ಕಾದಂತೆ ರೋಧ ಏರುತ್ತದೆ. ನೈಕ್ರೋಮ್‌ನಲ್ಲಿ ಆ ಏರಿಕೆ ತುಂಬಾ ಸಣ್ಣದು.)

ಆಮೇಲೆ ಬಚ್ಚಲಿನ ಪವರ್ ಪ್ಲಗ್ ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿದೆ. 212. ಮೇನ್ ಬೋರ್ಡ್‌ನಲ್ಲಿ? ಅಲ್ಲೂ 212. ಚಿಕ್ಕಪ್ಪ "ಹಂಗಾದ್ರೆ ವೈರಿಂಗ್ ಸರಿ ಇದೆ" ಅಂದರು. ಹೋದ ವರ್ಷ ಬಂದವರೂ ಟೆಸ್ಟರ್ ಇಟ್ಟು, ದೀಪ ಉರಿಯಿತು ಅಂತ ನೋಡಿ, ಇದನ್ನೇ ಹೇಳಿ ಕಾಯಿಲ್ ಬದಲಾಯಿಸಿದ್ದು. ಇದೇ ಜಾಗದಲ್ಲಿ ದೋಷ ಕಣ್ಣು ತಪ್ಪಿಸುತ್ತದೆ.

ಗೀಸರ್ ಆಫ್ ಇರುವಾಗ ತಂತಿಯಲ್ಲಿ ಕರೆಂಟ್ ಹರಿಯುತ್ತಿಲ್ಲ. ಕರೆಂಟ್ ಸೊನ್ನೆ ಆದರೆ ಆಂಪ್ × ಓಮ್ ಕೂಡ ಸೊನ್ನೆ. ನಡುವೆ ಎಂಥ ಕೆಟ್ಟ ಜಾಯಿಂಟ್ ಇದ್ದರೂ ಒಂದು ವೋಲ್ಟೂ ಅಲ್ಲಿ ಬೀಳುವುದಿಲ್ಲ. ಚಿಕ್ಕಪ್ಪನಿಗೆ ತೋಟದ ಪೈಪಿನ ಲೆಕ್ಕದಲ್ಲಿ ಹೇಳಿದೆ. ಪೈಪಿನೊಳಗೆ ಕಸ ಕಟ್ಟಿದ್ದರೂ ನೀರು ಚಿಮ್ಮಿಸುವ ಜೆಟ್ ಮುಚ್ಚಿರುವ ತನಕ ತುದಿಯಲ್ಲಿ ಒತ್ತಡ ಪೂರ್ತಿ ಇರುತ್ತದೆ, ಜೆಟ್ ಬಿಟ್ಟ ಮೇಲೆಯೇ ಅಲ್ವಾ ನೀರು ಬರುತ್ತಿಲ್ಲ ಅಂತ ಗೊತ್ತಾಗುವುದು? ಅವರಿಗೆ ತಕ್ಷಣ ಹೊಳೆಯಿತು. "ಹಾಗಾದ್ರೆ ಗೀಸರ್ ಹಾಕಿಟ್ಟೇ ನೋಡು" ಅಂದರು.

ಮೇನ್ ಆಫ್ ಮಾಡಿ, ಸಾಕೆಟ್‌ನ ಪ್ಲೇಟ್ ಬಿಚ್ಚಿ, ಹಿಂದಿನ ಟರ್ಮಿನಲ್‌ಗಳಿಗೆ ಕ್ರೊಕೊಡೈಲ್ ಕ್ಲಿಪ್ ಸಿಕ್ಕಿಸಿದೆ. ಫೇಸ್ (ಕರೆಂಟ್ ಬರುವ) ತಂತಿಯೊಂದಕ್ಕೆ, ತಂತಿಯನ್ನು ಸುತ್ತಿ ಹಿಡಿದೇ ಆಂಪ್ ತೋರಿಸುವ ಕ್ಲಾಂಪ್ ಮೀಟರ್ ಹಾಕಿದೆ. ಒಂದೇ ತಂತಿಗೆ, ನೆನಪಿಡಿ. ಗೀಸರ್‌ನ ಇಡೀ ಕೇಬಲ್ ಸುತ್ತ ಹಾಕಿದರೆ ಹೋಗುವ ಕರೆಂಟ್, ಬರುವ ಕರೆಂಟ್ ಎರಡೂ ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ, ಆಗ ಸುಮ್ನೆ ಕಾಯಿಲ್ ಮೇಲೆ ತಪ್ಪು ಹೊರಿಸುತ್ತೀರಿ. ಮೇನ್ ಆನ್ ಮಾಡಿದೆ. ಗೀಸರ್ ಹಾಕಿದೆ.

ಸಾಕೆಟ್‌ನಲ್ಲಿ 212 ಇದ್ದದ್ದು 191ಕ್ಕೆ ಇಳಿಯಿತು. ಕ್ಲಾಂಪ್‌ನಲ್ಲಿ 7.2 ಆಂಪ್. ಅದೇ ಹೊತ್ತಿಗೆ ಮೇನ್ ಬೋರ್ಡ್‌ನಲ್ಲಿ 204 ವೋಲ್ಟ್.

ಈಗ ಲೆಕ್ಕ. 191 ÷ 7.2 = 26.5 ಓಮ್. ಪ್ಲಗ್ ಕಿತ್ತು ಅಳೆದಾಗಲೂ ಇದೇ ಬಂದಿತ್ತು, ಅಂದರೆ ಅಳತೆ ನಂಬಬಹುದು, ಗೀಸರ್ ನಿರ್ದೋಷಿ. 191 × 7.2 = 1375 ವ್ಯಾಟ್. 2000 ಕೊಡಬೇಕಾದದ್ದು 1375 ಕೊಡುತ್ತಿದೆ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 55ಕ್ಕೆ ಏರಿಸಲು 2000 ವ್ಯಾಟ್‌ನಲ್ಲಿ ಹದಿನೆಂಟು ನಿಮಿಷ ಸಾಕು, 1375ರಲ್ಲಿ ಇಪ್ಪತ್ತೇಳು ನಿಮಿಷ ಬೇಕು. ಚಿಕ್ಕಮ್ಮನ ಅರ್ಧ ಗಂಟೆಯ ದೂರು ಸರಿಯಾಗಿಯೇ ಇತ್ತು.

ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಮೇನ್ ಬೋರ್ಡ್‌ನಲ್ಲಿ 204, ಬಚ್ಚಲಿನಲ್ಲಿ 191. ಒಂದೇ ಮನೆಯೊಳಗೆ 13 ವೋಲ್ಟ್ ಎಲ್ಲಿ ಹೋಯಿತು?

ತಂತಿಯಲ್ಲೇ ಸ್ವಲ್ಪ ಹೋಗುತ್ತದೆ, ಅದು ಸಹಜ. 2.5 ಸ್ಕ್ವೇರ್ ಎಂಎಂ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್ ರೋಧ. ಮೇನ್ ಬೋರ್ಡ್‌ನಿಂದ ಬಚ್ಚಲಿಗೆ 18 ಮೀಟರ್. ಹೋಗಿ ಬರುವ ದಾರಿ ಅಂದರೆ 36 ಮೀಟರ್. ಬರೀ 18ಕ್ಕೆ ಲೆಕ್ಕ ಹಾಕಿ ಅರ್ಧವನ್ನು ಮರೆಯುವವರು ಬಹಳ. 36 ಮೀಟರಿಗೆ 0.27 ಓಮ್. 7.2 ಆಂಪ್‌ಗೆ ಸುಮಾರು 2 ವೋಲ್ಟ್. ಉಳಿದ 11 ವೋಲ್ಟ್‌ಗೆ ಲೆಕ್ಕ ಇಲ್ಲ.

11 ÷ 7.2 = 1.5 ಓಮ್. ಕೇಳಲು ಏನೂ ಅಲ್ಲ. ಆದರೆ 11 × 7.2 = 79 ವ್ಯಾಟ್. ಬೆಸುಗೆ ಹಾಕುವ ಸಣ್ಣ ಸಾಲ್ಡರಿಂಗ್ ಐರನ್ 25 ವ್ಯಾಟ್. ಅಂಥ ಮೂರು ಐರನ್‌ಗಳ ಬಿಸಿ ಗೋಡೆಯೊಳಗೆ ಎಲ್ಲೋ ಒಂದು ಕಡ್ಲೆಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ದಿನಾ ಅರ್ಧ ಗಂಟೆ ಕೂತಿತ್ತು. ದುಡ್ಡಿನ ಲೆಕ್ಕದಲ್ಲಿ ಇದು ತಿಂಗಳಿಗೆ ಒಂದು ಯೂನಿಟ್, ಬಿಲ್‌ನಲ್ಲಿ ಯಾರಿಗೂ ಕಾಣುವುದಿಲ್ಲ. ಎಂಸಿಬಿಗೂ ಕಾಣುವುದಿಲ್ಲ, ಅದು 16 ಆಂಪ್ ಮೀರಿದರೆ ಮಾತ್ರ ಬೀಳುವುದು, ಇಲ್ಲಿ ಹರಿಯುತ್ತಿದ್ದದ್ದು ಇರಬೇಕಾದ್ದಕ್ಕಿಂತ ಕಡಿಮೆ. ಆರ್‌ಸಿಸಿಬಿಗೂ ಕಾಣುವುದಿಲ್ಲ, ಭೂಮಿಗೆ ಏನೂ ಸೋರುತ್ತಿಲ್ಲ. ಕಾವಲಿಗೆ ಇಟ್ಟ ಎರಡಕ್ಕೂ ಗೊತ್ತಾಗದ ಈ ಬೆಂಕಿ ಸಿಗುವುದು ವೋಲ್ಟ್ ಆಂಪ್ ಲೆಕ್ಕದಲ್ಲಿ ಮಾತ್ರ. ಅದಕ್ಕೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಳೆದುಹೋದ ವೋಲ್ಟ್ ಹುಡುಕುವುದು

ಫೇಸ್ ದಾರಿಯಲ್ಲೋ ನ್ಯೂಟ್ರಲ್ (ಕರೆಂಟ್ ಮರಳುವ) ದಾರಿಯಲ್ಲೋ ಅಂತ ಮೊದಲು ಬೇರ್ಪಡಿಸಿ. ಮೇನ್ ಆಫ್ ಮಾಡಿ, ಒಂದು ಉದ್ದನೆಯ ತಂತಿಯನ್ನು ಮೇನ್ ಬೋರ್ಡ್‌ನ ನ್ಯೂಟ್ರಲ್ ಲಿಂಕ್‌ಗೆ ಬಿಗಿದು ಬಚ್ಚಲಿನ ತನಕ ಎಳೆದೆವು. ಅದರ ತುದಿಗೂ ಸಾಕೆಟ್‌ನ ನ್ಯೂಟ್ರಲ್‌ಗೂ ನಡುವೆ ಮೀಟರ್ ಹಾಕಿ, ಗೀಸರ್ ಓಡಿಸಿ ನೋಡಿದರೆ 12 ವೋಲ್ಟ್. ಒಂದೇ ದಾರಿಯ ತಂತಿಗೆ ಒಂದು ವೋಲ್ಟ್ ಬಿಟ್ಟರೆ ಕಾಣೆಯಾದ 11 ಅಲ್ಲೇ ಸಿಕ್ಕಿತು. ಫೇಸ್ ಕಡೆ ಏನೂ ದೋಷ ಇಲ್ಲ, ಇರುವುದೆಲ್ಲ ನ್ಯೂಟ್ರಲ್‌ನಲ್ಲಿ.

ಆ ದಾರಿಯಲ್ಲಿ ಇದ್ದದ್ದು ಒಂದೇ ಜಂಕ್ಷನ್ ಬಾಕ್ಸ್, ಬಚ್ಚಲಿನ ಬಾಗಿಲ ಮೇಲೆ. ಪೂರ್ತಿ ಆಫ್ ಮಾಡಿ ಮುಚ್ಚಳ ತೆಗೆದರೆ ಮೊದಲು ಬಂದದ್ದು ವಾಸನೆ. ನಾಲ್ಕು ನ್ಯೂಟ್ರಲ್ ತಂತಿಗಳನ್ನು ಕೈಯಲ್ಲೇ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಒಣಗಿದ ಹಲಸಿನ ಹಪ್ಪಳದ ಹಾಗೆ ಪುಡಿಪುಡಿಯಾಗಿ ಉದುರಿತು. ಒಳಗಿನ ತಾಮ್ರ ಕೆಂಪಗಿರಲಿಲ್ಲ, ಕಪ್ಪು ನೀಲಿಯಾಗಿತ್ತು. ಎರಡು ಇಂಚು ದೂರದವರೆಗೂ ತಂತಿಯ ಮೇಲಿನ ಪ್ಲಾಸ್ಟಿಕ್ ಉಬ್ಬಿತ್ತು, ಪೆಟ್ಟಿಗೆಯ ಒಂದು ಮೂಲೆ ಕರಗಿ ಒಳಕ್ಕೆ ಬಾಗಿತ್ತು. ಚಿಕ್ಕಮ್ಮ ಕೆಳಗೆ ನಿಂತು ನೋಡುತ್ತಿದ್ದವರು ಮೆಲ್ಲಗೆ ಹೇಳಿದರು, "ಬೆಳಿಗ್ಗೆ ಒಂದೊಂದ್ಸಲ ಸುಟ್ಟ ವಾಸನೆ ಬರ್ತಿತ್ತು. ಬಚ್ಚಲೊಲೆ ಹೊಗೆ ಅಂದ್ಕೊಂಡಿದ್ದೆ."

ತಂತಿ ಸಡಿಲವಾದರೆ ತಾಗುವ ಜಾಗ ಕಡಿಮೆಯಾಗಿ ರೋಧ ಏರುತ್ತದೆ, ರೋಧ ಏರಿದರೆ ಬಿಸಿ, ಬಿಸಿಗೆ ತಾಮ್ರದ ಮೇಲೆ ಕಪ್ಪು ಪದರ ಕಟ್ಟುತ್ತದೆ, ಆ ಪದರದಿಂದ ರೋಧ ಇನ್ನೂ ಏರುತ್ತದೆ. ತಾನಾಗಿ ಸರಿಹೋಗುವ ದೋಷ ಅಲ್ಲ ಇದು, ದಿನದಿಂದ ದಿನಕ್ಕೆ ಬೆಳೆಯುವಂಥದ್ದು. ಮತ್ತೆ, ಇಂಥ ಜಾಯಿಂಟನ್ನು ತಣ್ಣಗಿರುವಾಗ ಓಮ್ ಮೀಟರಿನಲ್ಲಿ ನೋಡಿದರೆ ಅರ್ಧ ಓಮ್ ತೋರಿಸಿ ಸುಮ್ಮನಾಗಬಹುದು. ಮೀಟರ್ ಹರಿಸುವುದು ಕೆಲವೇ ಮಿಲಿಆಂಪ್, ಅಷ್ಟಕ್ಕೆ ಜಾಯಿಂಟಿನ ಬಣ್ಣ ಬಯಲಾಗುವುದಿಲ್ಲ. ಲೋಡ್ ಹಾಕಿಯೇ ಅಳೆಯಬೇಕು.

ಊರಿನ ವೈರಿಂಗ್ ಕೆಲಸದ ಹುಡುಗನನ್ನು ಕರೆಸಿ, ಗೀಸರ್‌ಗೆ ಬೋರ್ಡ್‌ನಿಂದಲೇ ನಡುವೆ ಜಾಯಿಂಟ್ ಇಲ್ಲದ ಹೊಸ ನ್ಯೂಟ್ರಲ್ ತಂತಿ ಎಳೆಸಿದೆವು. ಉಳಿದ ತಂತಿಗಳನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ ಸ್ಕ್ರೂ ಕನೆಕ್ಟರ್‌ಗೆ ಬಿಗಿಸಿದೆವು.

ಮತ್ತೆ ಅಳತೆ: ಮೇನ್ ಬೋರ್ಡ್ 204, ಸಾಕೆಟ್ 202, 7.6 ಆಂಪ್. ಮನೆಯೊಳಗೆ ಕಳೆಯುವುದು ಎರಡೇ ವೋಲ್ಟ್. 202 × 7.6 = 1535 ವ್ಯಾಟ್.

ಇನ್ನೂ 2000 ಆಗಿಲ್ಲ, ಅಲ್ವಾ? ಇದನ್ನು ಚಿಕ್ಕಮ್ಮನಿಗೆ ಮುಚ್ಚಿಡದೆ ಹೇಳಿದೆ. ಕಾಯುವ ಹೊತ್ತು ಇಪ್ಪತ್ತೇಳರಿಂದ ಇಪ್ಪತ್ನಾಲ್ಕು ನಿಮಿಷಕ್ಕೆ ಬಂತು, ಅಷ್ಟೇ. ಉಳಿದ ಕೊರತೆ ಲೈನಿನದು. ಬೆಳಗಿನ ಹೊತ್ತು ಆ ಕಡೆ ಬರುವುದೇ 212 ವೋಲ್ಟ್, ಮೇಲಾಗಿ ಗೀಸರ್ ಹಾಕಿದಾಗ ಕಂಬದಿಂದ ಬೋರ್ಡ್‌ಗೆ ಬರುವಷ್ಟರಲ್ಲಿ 8 ವೋಲ್ಟ್ ಬೀಳುತ್ತದೆ. 8 ÷ 7.6 ಅಂದರೆ ಒಂದು ಓಮ್‌ಗಿಂತ ಸ್ವಲ್ಪ ಜಾಸ್ತಿ. ಅದು ಉದ್ದ ಲೈನಿನ ರೋಧವೋ ಲೂಸ್ ಕನೆಕ್ಷನ್ನೋ ಅಂತ ತಿಳಿಯಲು ಐದು ನಿಮಿಷ ಅಂಕಿಯನ್ನೇ ನೋಡುತ್ತಾ ನಿಲ್ಲಿ. ಲೋಡ್ ಬದಲಾಗದೆ ಅಂಕಿ ಕುಣಿಯುತ್ತಿದ್ದರೆ ಎಲ್ಲೋ ಸಡಿಲ ಇದೆ. ಸ್ಥಿರವಾಗಿದ್ದರೆ ಬಹುಮಟ್ಟಿಗೆ ತಂತಿ ಉದ್ದ. ಇಲ್ಲಿ ಸ್ಥಿರವಾಗಿತ್ತು. ಮನೆಯ ಕರೆಂಟ್ ಮೀಟರಿನಿಂದ ಆಚೆ ನಾವು ಕೈ ಹಾಕುವಂತಿಲ್ಲ, ಅದು ಲೈನ್‌ಮ್ಯಾನ್ ಕೆಲಸ. ಆದರೆ "ವೋಲ್ಟೇಜ್ ಕಡಿಮೆ" ಅನ್ನುವ ಬದಲು "ಲೋಡ್ ಇಲ್ಲದಾಗ 212, ಏಳೂವರೆ ಆಂಪ್‌ಗೆ 204" ಅಂತ ಹೇಳಿ ನೋಡಿ, ಕೇಳುವವರ ಕಿವಿ ನೆಟ್ಟಗಾಗುತ್ತದೆ.

ಉದ್ದದ ತಂತಿಯ ಈ ಕಾಟ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಕರೆಂಟ್ ಒಯ್ದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿಯೇ ಒಯ್ದದ್ದು. ಅಷ್ಟೇ ಪವರ್‌ಗೆ ವೋಲ್ಟ್ ಏರಿದರೆ ಆಂಪ್ ಇಳಿಯುತ್ತದೆ, ತಂತಿಯಲ್ಲಿ ಕಳೆಯುವ ಬಿಸಿ ಆಂಪ್ × ಆಂಪ್ × ಓಮ್.

ಕ್ಲಾಂಪ್ ಮೀಟರ್ ಇಲ್ಲದಿದ್ದರೆ

ಮನೆ ಮುಂದಿನ ಕರೆಂಟ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಪಕ್ಕ ಒಂದು ಯೂನಿಟ್‌ಗೆ ಎಷ್ಟು ಮಿಟುಕು ಅಂತ ಬರೆದಿರುತ್ತದೆ. ಚಿಕ್ಕಮ್ಮನ ಮೀಟರಿನಲ್ಲಿ 3200. ಫ್ರಿಜ್ ಸೇರಿ ಮನೆಯಲ್ಲಿ ಬೇರೆಲ್ಲ ಆಫ್ ಮಾಡಿ, ಗೀಸರ್ ಒಂದನ್ನೇ ಹಾಕಿ, ಒಂದು ನಿಮಿಷ ಎಣಿಸಿ. ಎಣಿಸಿದ್ದನ್ನು 60,000ದಿಂದ ಗುಣಿಸಿ 3200ರಿಂದ ಭಾಗಿಸಿದರೆ ವ್ಯಾಟ್ ಬರುತ್ತದೆ. ರಿಪೇರಿಗೆ ಮೊದಲು ನಾನು ಎಣಿಸಿದಾಗ 78 ಬಂದಿತ್ತು, ಅಂದರೆ ಸುಮಾರು 1460 ವ್ಯಾಟ್. ಗೀಸರ್‌ಗೆ ತಲುಪುತ್ತಿದ್ದದ್ದು 1375. ನಡುವಿನ ವ್ಯತ್ಯಾಸ ಗೋಡೆಯೊಳಗೆ ಕಾಯುತ್ತಿದ್ದದ್ದೇ. ಮೀಟರ್ ಬರೀ ಕಣ್ಣಲ್ಲಿ ನೋಡಿದರೂ ಲೆಕ್ಕ ಕೂಡಿಬಂದಾಗ ಮೈ ಜುಂ ಅಂದಿತು.

ಇದರಿಂದ ಗೀಸರ್ ಆಂಪ್ ಎಳೆಯುತ್ತಿದೆಯೇ ಇಲ್ಲವೇ ಅಂತಲೂ ಗೊತ್ತಾಗುತ್ತದೆ. ಗೀಸರ್ ಹಾಕಿದರೂ ದೀಪದ ವೇಗ ಬದಲಾಗದಿದ್ದರೆ ಕಾಯಿಲ್ ಅಥವಾ ಕಟೌಟ್ ನೋಡಿ. ಸ್ವಲ್ಪ ಹೊತ್ತು ಜೋರಾಗಿ ಮಿಟುಕಿ, ನೀರು ಉಗುರುಬೆಚ್ಚಗಿರುವಾಗಲೇ ನಿಂತುಬಿಟ್ಟರೆ ಥರ್ಮೋಸ್ಟಾಟ್ ಬೇಗ ಕಡಿಯುತ್ತಿದೆ. ವ್ಯಾಟ್ ಪೂರ್ತಿ ಬರುತ್ತಿದೆ, ಆದರೂ ನಲ್ಲಿಯಲ್ಲಿ ಬಿಸಿ ಇಲ್ಲ ಅಂದರೆ ತಪ್ಪು ಕರೆಂಟಿನದಲ್ಲ, ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಬೆರೆಯುತ್ತಿರಬಹುದು. ಪ್ಲಂಬರನ್ನು ಕರೆಯಿರಿ.

ಗೀಸರ್ ಹಾಕಿದ ತಕ್ಷಣ ಆರ್‌ಸಿಸಿಬಿ ಬೀಳುತ್ತಿದ್ದರೆ ಅದು ಬೇರೆಯೇ ದೋಷ, ಸಾಮಾನ್ಯವಾಗಿ ಕಾಯಿಲ್‌ನ ಕವಚ ಬಿರಿದು ಅರ್ತ್‌ಗೆ ಸೋರುತ್ತಿರುತ್ತದೆ. 230 ÷ 0.03 = ಸುಮಾರು 7,700 ಓಮ್. ಅಷ್ಟಕ್ಕಿಂತ ಕಡಿಮೆ ರೋಧದ ಸೋರಿಕೆ ಇದ್ದರೆ ಬಿದ್ದೇ ಬೀಳುತ್ತದೆ. ಮಾಮೂಲಿ ಮಲ್ಟಿಮೀಟರ್ ಒಂಬತ್ತು ವೋಲ್ಟ್ ಬ್ಯಾಟರಿಯಲ್ಲಿ ಇದನ್ನು ಎಷ್ಟೋ ಸಲ ಹಿಡಿಯುವುದಿಲ್ಲ, ಜಾಸ್ತಿ ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ 500 ವೋಲ್ಟ್ ಮೆಗ್ಗರ್ ಬೇಕು. ಹೀಗೆ ಸೋರಿದಾಗ, ಇಲ್ಲವೇ ಕಾಯಿಲ್ ತುಂಡಾದಾಗ ಮಾತ್ರ ಅದನ್ನು ಬದಲಾಯಿಸುವುದು ಸರಿ. ಬಿದ್ದ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಸ್ನಾನಕ್ಕೆ ಹೋಗಬೇಡಿ, ಯಾರು ಹೇಳಿದರೂ ಸರಿ.

ಮೇನ್ ಬೋರ್ಡ್‌ನ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿ ಬಂದಿದ್ದೇನೆ. ತಾರೀಕು, 212, 204, 202, 7.6. ಸಂಕ್ರಾಂತಿಗೆ ಹೋದಾಗ ಚಿಕ್ಕಪ್ಪ ತಾವೇ ಮೀಟರ್ ದೀಪ ಎಣಿಸಿ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೊಂದು ಅಂಕಿ ಬರೆದಿದ್ದರು: 83.